ಹೊಳೆ ಕರಗುವ ಹದಿನೈದು ದಿನ

ಈ ವರ್ಷ ಶ್ರಾವಣದ ಎರಡನೆಯ ದಿನ ಸಿಂದಗಿಯ ನಮ್ಮ ಓಣಿಯ ಮಠದಲ್ಲಿ ಪುರಾಣ ನಡೆದಿದ್ದಾಗ ಕರೆಂಟ್ ಹೋಯಿತು. ಹೊರಗೆ ಇಟ್ಟಿದ್ದ ಜನರೇಟರ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಡೀಸೆಲ್ ಹೊಗೆಯೂ ಲೋಬಾನದ ಹೊಗೆಯೂ ಕೂಡಿ ಹೆಂಗಸರು ಕೂತ ಕಡೆಗೇ ಬಂದವು. ಎಲ್ಲರೂ ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ಆ ವಾಸನೆಗೆ ಮೂರು ವರ್ಷದ ಹಿಂದಿನ ಶ್ರಾವಣ ನೆನಪಾಯಿತು. ಆವತ್ತೂ ಹೀಗೇ ಕರೆಂಟ್ ಹೋಗಿತ್ತು. ಆವತ್ತು ಜನರೇಟರ್ ಬರೇ ಹೊಗೆ ಕಾರಿತು, ಚಾಲೂ ಆಗಲಿಲ್ಲ. ಚಾಲೂ ಆಗಿದ್ದರೆ ನಾನು ಪುರಾಣ ಮುಗಿಯುವ ತನಕ ಕೂತಿರುತ್ತಿದ್ದೆ, ಮುಂದಿನದೇನೂ ಆಗುತ್ತಿರಲಿಲ್ಲ.

ಪುರಾಣವೆಂದರೆ ನಮ್ಮ ಕಡೆ ಹೀಗೆ. ಗವಾಯಿಗಳು ಹಾರ್ಮೋನಿಯಂ ಪೇಟಿ ಹಿಡಿದು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಶಾಸ್ತ್ರಿಗಳು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಮತ್ತೆ ಪದ್ಯ, ಮತ್ತೆ ಅರ್ಥ, ಹೀಗೆ ತಿಂಗಳಿಡೀ. ಏಳನೆಯ ಇಯತ್ತೆ ಓದಿದ ನನಗೆ ಹಳೆಗನ್ನಡ ಎಲ್ಲಿಂದ ತಿಳಿಯಬೇಕು? ಅರ್ಥ ಕೇಳುತ್ತ ಕೇಳುತ್ತಲೇ ಪದ್ಯದ ರುಚಿ ಹತ್ತಿತು. ಲಗ್ನವಾಗಿ ಈ ಊರಿಗೆ ಬಂದಾಗಿನಿಂದ ಒಂದು ಶ್ರಾವಣವೂ ತಪ್ಪಿಸಿದವಳಲ್ಲ.

ಭಾಗ್ಯಾ ನಮ್ಮ ಒಬ್ಬಳೇ ಮಗಳು. ರಷ್ಯಾದಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಬಂದಿದ್ದಳು. ಹೊರದೇಶದಲ್ಲಿ ಓದಿದವರು ಇಲ್ಲಿ ಬಂದು ಮತ್ತೊಂದು ಪರೀಕ್ಷೆ ಪಾಸಾಗಬೇಕು, ಆಮೇಲೆಯೇ ಡಾಕ್ಟರು. ಅಲ್ಲಿಯ ತನಕ ಆ ಪದವಿ ಕಪಾಟಿನಲ್ಲಿಟ್ಟ ಕಾಗದ. ಆ ಪರೀಕ್ಷೆಯಲ್ಲಿ ಅವಳು ಎರಡು ಸಲ ಬಿದ್ದಿದ್ದಳು. ನೀರು ತರಲು ಹೊರಗೆ ಹೋದರೆ ಎದುರುಮನೆಯವರು, "ಡಾಕ್ಟರಬಾಯಿ, ನಮ್ಮ ಎಮ್ಮಿ ಮೇವು ತಿನ್ನವಲ್ದು, ಬಂದು ನಾಡಿ ನೋಡ್ತೀರೇನು?" ಎಂದು ನಗುತ್ತಿದ್ದರು. ಮೊದಮೊದಲು ಇವಳೂ ನಕ್ಕು, "ಎಮ್ಮಿ ಫೀಸು ಬ್ಯಾರೆ ಐತ್ರಿ" ಅನ್ನುತ್ತಿದ್ದಳು. ಎರಡನೆಯ ಸಲ ಬಿದ್ದ ಮೇಲೆ ನೀರಿಗೆ ಹೋಗುವುದನ್ನೇ ಬಿಟ್ಟಳು.

ಆ ವರ್ಷ ಮೂರನೆಯ ಸಲದ ತಯಾರಿ. ಅಷ್ಟರಲ್ಲಿ ಮುದ್ದೇಬಿಹಾಳದಿಂದ ಒಂದು ಸಂಬಂಧ ಬಂತು. ತಂದವರು ಇಂಗಳೇಶ್ವರದ ನನ್ನ ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ. ಹುಡುಗನಿಗೆ ಎರಡು ಔಷಧದ ಅಂಗಡಿ, ಊರ ನಡುವೆ ಮನೆ, ದುಶ್ಚಟ ಇಲ್ಲ. ಅವರದು ಒಂದೇ ಮಾತು: ನಮಗೆ ಡಾಕ್ಟರು ಅನ್ನುವ ಬೋರ್ಡು ಬೇಡ, ಮನೆ ಸಂಭಾಳಿಸುವ ಹುಡುಗಿ ಬೇಕು, ಪರೀಕ್ಷೆ ಸಾಕುಮಾಡಲಿ. ಶ್ರಾವಣ ಮುಗಿದ ಮೇಲೆ ನೋಡಲು ಬರುತ್ತೇವೆ, ಒಪ್ಪಿಗೆಯಾದರೆ ದಸರೆಯೊಳಗೆ ನಿಶ್ಚಯ.

ನಮ್ಮ ಯಜಮಾನರಿಗೆ ಬೀಜ-ಗೊಬ್ಬರದ ಅಂಗಡಿ. ದಿನವೆಲ್ಲ ರೈತರೊಂದಿಗೆ ಮಾತಾಡಿ ಮನೆಗೆ ಬಂದರೆ ಮಾತೇ ಉಳಿದಿರುವುದಿಲ್ಲ. ಆವತ್ತು ಮಾತ್ರ ಊಟಕ್ಕೆ ಕೂತಾಗ ಹೇಳಿದರು.

"ಎರಡು ಸಲ ನೋಡೀವಿ. ಇದು ಆಗೂ ಮಾತಲ್ಲ. ಸುಮ್ಮ ಯಾಕ ಹುಡುಗಿ ಜೀವಾ ತಿನ್ನೂದು?"

"ಅಪ್ಪಾ, ಇದೊಂದು ಸಲ," ಎಂದಳು ಭಾಗ್ಯಾ. ತಾಟಿನಿಂದ ತಲೆ ಎತ್ತಲಿಲ್ಲ.

"ಅವರು ಬಂದು ನೋಡೂತನಕ ಓದು. ಆಮ್ಯಾಲ ಅವರು ಹೆಂಗಂತಾರ ಹಂಗ."

ಅವರು ಹೇಗೆನ್ನುತ್ತಾರೆ ಎನ್ನುವುದು ನಮಗೆಲ್ಲ ಗೊತ್ತೇ ಇತ್ತು. ಅವಳಿಗೆ ಉಳಿದದ್ದು ಒಂದು ಶ್ರಾವಣ.

ನಾನು ದಿನಾ ಇಷ್ಟಲಿಂಗ ಪೂಜೆ ಮುಗಿಸುವಾಗ ಶಿವ ಆ ದಿನ ಕೊಟ್ಟದ್ದನ್ನು ಎಣಿಸುತ್ತೇನೆ. ದೊಡ್ಡದೇನೂ ಇರಬೇಕಿಲ್ಲ. ನಳಕ್ಕೆ ನೀರು ಬಂತು. ಹಾಲು ಒಡೆಯಲಿಲ್ಲ. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಆ ಶ್ರಾವಣದ ಮೊದಲ ದಿನ ನಾನು ಎಣಿಸಿದ್ದು: ಮಗಳು ಎರಡು ರೊಟ್ಟಿ ಉಂಡಳು.

ಎರಡನೆಯ ದಿನ ಕರೆಂಟ್ ಹೋಯಿತು. ಶಾಸ್ತ್ರಿಗಳು ಮೈಕಿಲ್ಲದೆ ಸ್ವಲ್ಪ ಹೊತ್ತು ನೋಡಿ, ಹಿಂದೆ ಕೂತವರಿಗೆ ಕೇಳಿಸದೆ ಗದ್ದಲವಾದಾಗ, "ಇವತ್ತಿಗೆ ಮಂಗಳ" ಅಂದರು. ಇನ್ನೂ ಏಳು ಗಂಟೆ ಆಗಿರಲಿಲ್ಲ, ಬೆಳಕಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಭಾಗ್ಯಾಳ ಕೋಣೆಯಿಂದ ಗಂಡಸಿನ ಧ್ವನಿ ಕೇಳಿಸಿತು.

ದಪ್ಪ ಧ್ವನಿ, ಬಾವಿಯ ಒಳಗಿನಿಂದ ಬಂದ ಹಾಗೆ. ನಮ್ಮ ಭಾಷೆಯಲ್ಲ. ಒಂದು ಮಾತು ಹೇಳಿ ಅವನು ಸುಮ್ಮನಾದ. ನನ್ನ ಮಗಳು ಮೆಲ್ಲಗೆ ಅದೇ ಭಾಷೆಯಲ್ಲಿ ಏನೋ ಅಂದಳು. ಅವನು ಮತ್ತೆ ಹೇಳಿದ. ಇವಳು ಮತ್ತೆ ಅಂದಳು. ಆ ಅವಸರವಿಲ್ಲದ ಮಾತು ಕೇಳಿದರೆ ಅವರಿಬ್ಬರಿಗೂ ವರ್ಷಗಟ್ಟಲೆ ರೂಢಿ ಇದ್ದಂತಿತ್ತು. ಆಮೇಲೆ ಅವಳು ಅತ್ತಳು. ಜೋರಾಗಿ ಅಲ್ಲ, ಮೂಗು ಏರಿಸಿದ ಸಪ್ಪಳ ಅಷ್ಟೇ.

ನಾನು ಚಪ್ಪಲಿ ಮತ್ತೆ ಹಾಕಿಕೊಂಡು ಮಠದ ಕಡೆಗೆ ಹೊರಟೆ. ಅರ್ಧ ದಾರಿಗೆ ನಿಂತೆ. ಮಠದಲ್ಲಿ ಯಾರೂ ಇರಲಿಲ್ಲವಲ್ಲ.

ಮರುದಿನ ಅವಳು ಸ್ನಾನಕ್ಕೆ ಹೋದಾಗ ಹಾಸಿಗೆ ಝಾಡಿಸುವ ನೆವದಲ್ಲಿ ತಲೆದಿಂಬು ಎತ್ತಿದೆ. ತಾಯಿ ಮಾಡಬಾರದ ಕೆಲಸ, ಮಾಡಿದೆ. ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಬಿಡಿಸಿದರೆ ಕರಿ ಅಂಗಿ ತೊಟ್ಟ ಮೂವರು ಗಂಡಸರು, ಒಬ್ಬಳು ಹೆಂಗಸು. ಮುಖಕ್ಕೆ ಬಿಳಿ, ಕಣ್ಣಿಗೆ ಗಲ್ಲದ ತನಕ ಇಳಿದ ಕಾಡಿಗೆ. ದೊಡ್ಡಾಟದಲ್ಲಿ ರಾಕ್ಷಸ ಪಾತ್ರದವರು ಹಾಕುವ ಕಾಡಿಗೆ ಇದರ ಮುಂದೆ ಏನೂ ಅಲ್ಲ. ಹಿಂದೆ ಮುರಿದ ಗೋರಿಗಳು. ನಡುವೆ ನಿಂತ ಉದ್ದನೆಯ ಮನುಷ್ಯನ ಎದೆಯ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಆ ದೇಶದ ಅಕ್ಷರದಲ್ಲಿ ಎರಡು ಸಾಲು, ಕೆಳಗೆ ಸಹಿ.

ಅದೇ ಮನುಷ್ಯ, ಅದೇ ಧ್ವನಿ ಎಂದು ನನ್ನ ಮನಸ್ಸು ಗಂಟು ಹಾಕಿಬಿಟ್ಟಿತು. ಕಾಗದವನ್ನು ಇದ್ದ ಹಾಗೇ ಇಟ್ಟೆ. ಆ ದಿನ ಪೂಜೆಯಲ್ಲಿ ಎಣಿಸಲು ಏನೂ ಸಿಗಲಿಲ್ಲ.

ಪಂಚಮಿಗೆ ತವರಿಗೆ ಹೋಗುವುದು ಪದ್ಧತಿ. ಮಗಳಿಗೆ ಓದು, ಯಜಮಾನರಿಗೆ ಅಂಗಡಿ. ನಾನೊಬ್ಬಳೇ ಬಸವನ ಬಾಗೇವಾಡಿಗೆ ಬಸ್ಸು ಹಿಡಿದು ಅಲ್ಲಿಂದ ಟಂಟಂ ಆಟೋದಲ್ಲಿ ಇಂಗಳೇಶ್ವರ ಮುಟ್ಟಿದೆ. ಗೌರವೈನಿ ಹಿಂದಿನ ಪಡಸಾಲೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ನಾನೂ ಕೈ ಹಾಕಿದೆ. ವೈನಿ ಕೆಟ್ಟವಳಲ್ಲ, ನನ್ನ ಬಾಣಂತನಕ್ಕೆ ಎಣ್ಣೆ ನೀರು ಎರೆದವಳು. ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅದು ನನಗೆ ನಲವತ್ತು ವರ್ಷದಿಂದ ಗೊತ್ತು.

"ಏನ ನೀಲಾ, ಉಂಡಿ ಒಡ್ಯಾಕತ್ತಾವಲ್ಲ ನಿನ್ನ ಕೈಯಾಗ. ಬೆಲ್ಲದ ಪಾಕಾ ಬರೋಬ್ಬರಿ ಐತಿ. ನಿನ್ನ ಲಕ್ಷ್ಯಾನ ಇಲ್ಲಿಲ್ಲ."

"ವೈನಿ, ಮುದ್ದೇಬಿಹಾಳದವರಿಗೆ ಸ್ವಲ್ಪ ತಡೀರಿ ಅಂತ ಹೇಳಾಕ ಆಗ್ತೈತೇನು?"

"ಯಾಕ? ಹುಡುಗ ಕುಂಟ ಅದಾನೋ, ಕುರುಡ ಅದಾನೋ?"

"ಹಂಗಲ್ಲ..."

"ಹಂಗಲ್ಲಂದ್ರ ಹೆಂಗ? ನಾ ಏನ ಹೊರಗಿನಾಕೆನ?"

ಅಷ್ಟೇ ಸಾಕಾಯಿತು. ನಾಲ್ಕು ದಿನ ಒಳಗೆ ಕುದಿದದ್ದು ಉಕ್ಕಿ ಹೊರಗೆ ಬಂತು. ದಿನಾ ಸಂಜೆಗೆ ಒಬ್ಬ ಗಂಡಸಿನ ಜೊತೆ ರಷ್ಯಾದ ಭಾಷೆಯಲ್ಲಿ ಮಾತಾಡುತ್ತಾಳೆ ಅಂದೆ. ದಿನಾ ಅಂದೆ, ಕೇಳಿದ್ದು ಒಂದೇ ಸಲ. ಅವನ ಪಟ ದಿಂಬಿನ ಕೆಳಗೆ ಇದೆ, ಅದರ ಮೇಲೆ ಅವನ ಕೈಬರಹ ಇದೆ ಅಂದೆ.

ವೈನಿ ಉಂಡಿ ಕಟ್ಟುವುದನ್ನು ನಿಲ್ಲಿಸಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ನನಗೇ ಬುದ್ಧಿ ಹೇಳಿದಳು. "ನಾನಂತೂ ಬಿಡಂಗಿಲ್ಲ."

ತಿರುಗಿ ಬಂದ ಮೇಲೆ ಎರಡು ದಿನ ನೋಡಿದೆ. ಸಂಜೆ ಪುರಾಣಕ್ಕೆ ಹೋದಂತೆ ಮಾಡಿ ಹಿತ್ತಲಲ್ಲಿ ನಿಂತು ಕೇಳಿದೆ. ಎರಡೂ ದಿನ ಅದೇ ಧ್ವನಿ, ಅದೇ ಮಾತು, ಇವಳದೂ ಅದೇ ಉತ್ತರ. ಮೂರನೆಯ ದಿನ ತಡೆಯದೆ ಬಾಗಿಲು ತಳ್ಳಿದೆ.

ಅವಳು ಪುಸ್ತಕದ ರಾಶಿಯ ನಡುವೆ ನೆಲದ ಮೇಲೆ ಕೂತಿದ್ದಳು. ಮುಂದೆ ಮೊಬೈಲು.

"ಯಾರಂವ?"

"ಯಾರು?"

"ಸಂಜಿ ಆತಂದ್ರ ಮಾತಾಡ್ತೀಯಲ್ಲ, ಅಂವ. ಕಣ್ಣಿಗೆ ಕಾಡಿಗಿ ಹಚ್ಚಿದಾಂವ."

ಅವಳು ನನ್ನ ಮುಖ ನೋಡಿದಳು. ಮೊಬೈಲು ನೋಡಿದಳು. ಆಮೇಲೆ ನಗತೊಡಗಿದಳು. ಎಷ್ಟು ತಿಂಗಳ ಮೇಲೆ ಆ ನಗೆ! ಗೋಡೆಗೆ ಒರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನ್ನ ಮುಖ ಸಡಿಲಾಗದ್ದು ನೋಡಿ ಸಾವಕಾಶ ನಿಲ್ಲಿಸಿದಳು.

"ಅವ್ವಾ, ಅದು ಹಾಡು. ಅಂವ ಹಾಡಾಂವ. ನನ್ನ ಜೋಡಿ ಯಾಕ ಮಾತಾಡ್ತಾನ?"

"ಹಾಡಂದ್ರ ಪೇಟಿ ಇಲ್ಲೇನು, ತಾಳ ಇಲ್ಲೇನು? ಬರೇ ಮಾತಾಡ್ತಾನಲ್ಲ."

"ಮೊದಲ ಕವಿತಾ ಓದ್ತಾನ. ಆಮ್ಯಾಲ ಬಾಜಾ ಬರ್ತೈತಿ. ಮುಂದಿಂದು ನಾ ಕಿವಿಯಾಗ ಹಾಕ್ಕೊಂಡು ಕೇಳ್ತೇನಿ, ನಿನಗ ಕೇಳ್ಸಿಲ್ಲ."

ಪೂರ್ತಿ ಕೇಳಿಸಿದಳು. ಅವನ ಮಾತು ಮುಗಿದದ್ದೇ ಎದೆಗೆ ಗುದ್ದುವಂಥ ತಂತಿಯ ಸಪ್ಪಳ, ಒಂದೇ ನಡಿಗೆಯಲ್ಲಿ ಹೊಡೆಯುವ ನಗಾರಿ, ಹಿಂದೆ ಎಲ್ಲೋ ಒಬ್ಬ ಹೆಂಗಸಿನ ನರಳಿಕೆ. ಇದೂ ಒಂದು ಹಾಡೇ ಎಂದು ನನಗೆ ದಿಗಿಲಾಯಿತು. ನಂಬಿಕೆಯೂ ಪೂರ್ತಿ ಬಂದಿರಲಿಲ್ಲ. ಅವಳ ಎದುರಿಗೆ ಕೂತೆ.

"ಪುರಾಣ ಹಚ್ಚು," ಅಂದೆ.

"ಏನು?"

"ಮಠದಾಗ ಹೇಳಿದಂಗ ಹೇಳು. ಅಂವ ಒಂದು ಸಾಲು ಅನ್ಲಿ, ನೀ ನಿಲ್ಲಿಸಿ ಅರ್ಥಾ ಹೇಳು. ಸುಳ್ಳಾದ್ರ ನನಗ ತಿಳಿತೈತಿ."

ಹಾಗೇ ಮಾಡಿದಳು. ಒಂದು ಸಾಲು, ಒಂದು ಅರ್ಥ. ನಾನು ರೂಢಿಯಂತೆ "ಹೂಂ" ಅನ್ನುತ್ತ ಹೋದೆ. ಹಳೆಯ ಕಾಲದ ಯಾವನೋ ಕವಿ ಬರೆದದ್ದಂತೆ. ಒಂದು ದೊಡ್ಡ ಹೊಳೆ. ಚಳಿಗಾಲದಲ್ಲಿ ಅದು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ, ಆಗ ಜನ ಅದರ ಮೇಲೆ ನಡೆದು ದಾಟುತ್ತಾರೆ. ಬೇಸಿಗೆಯಲ್ಲಿ ದೋಣಿ. ಆದರೆ ನಡುವೆ ಹದಿನೈದು ದಿನ ಹೊಳೆ ಕರಗುತ್ತದೆ. ಆಗ ಕಾಲಿಡುವ ಹಾಗಿಲ್ಲ, ದೋಣಿ ಬಿಡುವ ಹಾಗೂ ಇಲ್ಲ. ಈಚೆ ದಂಡೆಯಲ್ಲಿ ದೋಣಿಯವನು. ಆಚೆ ದಂಡೆಯಲ್ಲಿ ಅವನ ಪ್ರೀತಿಯ ಹುಡುಗಿ, ಅವಳಿಗೆ ಕಾಯಿಲೆ. ದಿನಾ ಸಂಜೆ ಅವಳು ಕಿಟಕಿಯಲ್ಲಿ ದೀಪ ಇಡುತ್ತಾಳೆ. ಒಂದು ಸಂಜೆ ದೀಪ ಹತ್ತುವುದಿಲ್ಲ. ಹೊಳೆ ಇನ್ನೂ ಕರಗುತ್ತಲೇ ಇದೆ.

ನಾನು "ಹೂಂ" ಅನ್ನುವುದನ್ನು ಮರೆತೆ. ನನ್ನ ಸೋದರತ್ತೆಯನ್ನು ದೇವಣಗಾಂವಕ್ಕೆ ಕೊಟ್ಟಿದ್ದರು. ಭೀಮಾ ಹೊಳೆ ಸೊಕ್ಕಿ ಹರಿದ ವರ್ಷ ಅವಳು ಆಚೆಯ ದಂಡೆಯ ಊರಿನಲ್ಲಿ ಬೇನೆ ತಿನ್ನುತ್ತಿದ್ದ ಮಗಳನ್ನು ನೋಡಲಾರದೆ ಈಚೆ ದಂಡೆಯಲ್ಲಿ ಮೂರು ದಿನ ಕೂತದ್ದು ನನಗೆ ಗೊತ್ತು. ಮಂಜು ನಾನು ಕಂಡಿಲ್ಲ, ಹೊಳೆಯ ದಂಡೆ ಕಂಡಿದ್ದೇನೆ.

ಭಾಗ್ಯಾ ಆಮೇಲೆ ಎಲ್ಲಾ ಹೇಳಿದಳು. ರಷ್ಯಾಕ್ಕೆ ಹೋದ ಮೊದಲ ಚಳಿಗಾಲ. ಮಧ್ಯಾಹ್ನ ಮೂರಕ್ಕೇ ಕತ್ತಲೆ. ಪಾಠ ಹೇಗೋ ತಿಳಿಯುತ್ತಿತ್ತು, ಆಸ್ಪತ್ರೆಯಲ್ಲಿ ಪೇಷಂಟುಗಳ ಮಾತು ಒಂದೂ ತಿಳಿಯುತ್ತಿರಲಿಲ್ಲ. ಮುದುಕಿಯೊಬ್ಬಳು ಕೈ ಹಿಡಿದು ಏನೋ ಕೇಳಿದಳಂತೆ. ಇವಳು ಸುಮ್ಮನೆ ನಕ್ಕಳಂತೆ. ಅವಳು ಕೇಳಿದ್ದು, ನಾನು ಸಾಯುತ್ತೇನೆಯೇ ಎಂದು. ಅದು ತಿಳಿದ ದಿನ ಇವಳು ಊರಿಗೆ ಬಂದುಬಿಡಬೇಕು ಅಂದುಕೊಂಡಳು. ಆಗ ಕೋಣೆಯ ಗೆಳತಿ ಒಂದು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ಈ ನಾಲ್ವರು ಹಾಡುತ್ತಿದ್ದರು. ಅವರು ತಮ್ಮದೇ ಹಾಡು ಕಟ್ಟುವುದು ಕಡಿಮೆ, ನೂರು ಇನ್ನೂರು ವರ್ಷದ ಹಿಂದಿನ ಪ್ರೀತಿಯ, ಸಾವಿನ, ಬಿರುಗಾಳಿಯ ಕವಿತೆಗಳನ್ನೇ ಎತ್ತಿಕೊಂಡು ಹಾಡುವುದು. ಕೂತವರೆಲ್ಲ ಕರಿಬಟ್ಟೆಯವರು, ಆದರೆ ಒಬ್ಬರೂ ಗದ್ದಲ ಮಾಡಲಿಲ್ಲವಂತೆ. "ನಮ್ಮ ಮಠದಾಗ ಕುಂತಂಗ ಕುಂತಿದ್ರವ್ವ," ಎಂದಳು. ಅವನ ಹಿಂದೆ ಒಂದೊಂದೇ ಸಾಲು ಅಂದು ಅಂದು ಭಾಷೆ ಕಲಿತಳು. ಕಾಗದದ ಮೇಲೆ ಅವನು ಬರೆದದ್ದು ಆ ಹಾಡಿನ ಮೊದಲ ಎರಡು ಸಾಲು, ಬಂದವರಿಗೆಲ್ಲ ಬರೆದುಕೊಟ್ಟನಂತೆ. ಈಗ ಆ ಮೇಳವೂ ಇಲ್ಲ. ಒಬ್ಬ ದೇಶ ಬಿಟ್ಟ, ಒಬ್ಬಳು ಹಾಡುವುದು ಬಿಟ್ಟಳು, ಇವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯದು.

"ಮತ್ತ ಈಗ ಯಾಕ ಕೇಳ್ತಿ? ಅಳ್ತಿ ಬ್ಯಾರೆ."

"ಓದಿ ಓದಿ ತಲಿ ಬಂದ್ ಆದಾಗ ಕೇಳ್ತೇನಿ. ನಾನೂ ಆ ಹದಿನೈದು ದಿನದಾಗ ಅದೇನಿ ಅವ್ವ. ಡಾಕ್ಟರೂ ಅಲ್ಲ, ಅಲ್ಲಂತನೂ ಅಲ್ಲ. ಕಾಲಿಡಾಕ ಬರಂಗಿಲ್ಲ."

ಅವಳ ತಲೆ ನೇವರಿಸಿದೆ. ನೇವರಿಸುವ ಕೈಗೆ ಶೇಂಗಾ ಉಂಡಿಯ ಜಿಡ್ಡು ಇನ್ನೂ ಹತ್ತಿದಂತೆ ಅನ್ನಿಸಿತು. ವೈನಿಗೆ ಹೇಳಿ ಐದು ದಿನವಾಗಿತ್ತು. ಕೂಡಲೇ ಫೋನು ಮಾಡಿ, "ವೈನಿ, ನನ್ನ ತಪ್ಪು, ಅದು ಹಾಡು" ಅಂದಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ನಾಚಿಕೆಯಾಗಿ ಮಾಡಲಿಲ್ಲ. ಅವಳು ಯಾರಿಗೂ ಹೇಳುವುದಿಲ್ಲ ಅಂದಿದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರನೆಯ ಸೋಮವಾರ ಮಧ್ಯಾಹ್ನ, ಯಜಮಾನರು ಊಟಕ್ಕೆ ಬಂದಾಗ, ಅಣ್ಣನ ಫೋನು ಬಂತು. ಇವರು "ಹಾಂ, ಹಾಂ" ಅನ್ನುತ್ತ ಎದ್ದು ನಿಂತರು. ಮುಖದ ಬಣ್ಣ ಬದಲಾಯಿತು. ಫೋನು ಇಟ್ಟು ಭಾಗ್ಯಾಳ ಕಡೆ ತಿರುಗಿದರು.

"ಮುದ್ದೇಬಿಹಾಳದವರು ಬ್ಯಾಡಂದ್ರಂತ. ನೀ ರಷ್ಯಾದಾಗ ಲಗ್ನ ಮಾಡ್ಕೊಂಡು ಬಂದೀಯಂತ. ಹೌದೇನು?"

ಇಂಗಳೇಶ್ವರದಿಂದ ಬರೇ ಮಾತಾಗಿ ಹೊರಟದ್ದು ಮುದ್ದೇಬಿಹಾಳ ಮುಟ್ಟುವುದರೊಳಗೆ ಲಗ್ನವಾಗಿತ್ತು.

"ಇಲ್ಲಪ್ಪ! ಯಾರಂದ್ರು?"

"ಯಾರರ ಅಂದಿರ್ಲಿ. ಬೆಂಕಿ ಇಲ್ದ ಹೊಗಿ ಬರ್ತೈತೇನು? ದಿನಾ ಸಂಜಿಗೆ ಅವನ ಜೋಡಿ ಮಾತಾಡ್ತಾಳಂತ, ಅವನ ಫೋಟೋ ಇಟ್ಕೊಂಡಾಳಂತ. ಊರಿಗೆಲ್ಲಾ ಗೊತ್ತೈತಿ, ನನಗೊಬ್ಬಂವಗ ಗೊತ್ತಿಲ್ಲ. ಕೊಡಿಲ್ಲಿ ಆ ಮೊಬೈಲು. ಇವತ್ತಿಂದ ಪುಸ್ತಕಾ ಕಟ್ಟಿಡು. ಪರೀಕ್ಷಿ ಪರೀಕ್ಷಿ ಅಂದಿ, ಇದ ಏನು ನಿನ್ನ ಪರೀಕ್ಷಿ?"

ಭಾಗ್ಯಾ ಮೊಬೈಲು ಕೊಟ್ಟಳು. ಸಂಜೆ, ಮಾತು, ಫೋಟೋ: ಈ ಮೂರನ್ನೂ ಕೂಡಿಸಿ ಹೇಳಬಲ್ಲವರು ಒಬ್ಬರೇ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ನನ್ನ ಕಡೆ ನೋಡಿದಳು. ಒಂದು ಮಾತು, "ಅವ್ವನ್ನ ಕೇಳ್ರಿ" ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಆ ಎರಡು ದಿನ ಅವಳು ಪುಸ್ತಕ ಮುಟ್ಟಲಿಲ್ಲ. ಹಗ್ಗ ತೆಗೆದುಕೊಂಡು ಒಂದೊಂದಾಗಿ ಕಟ್ಟು ಕಟ್ಟಿ ಗೋಡೆಗೆ ಹೊಂದಿಸಿಟ್ಟಳು. ಪರೀಕ್ಷೆಗೆ ಫಾರ್ಮು ತುಂಬುವ ದಿನಗಳು ಒಂದೊಂದೇ ಕಳೆಯುತ್ತಿದ್ದವು. ಸಂಜೆ ಮನೆಯಲ್ಲಿ ಯಾವ ಧ್ವನಿಯೂ ಇಲ್ಲ. ನಾನು ಮಠಕ್ಕೆ ಹೋಗಿ ಕೂತೆ. ಶಾಸ್ತ್ರಿಗಳು ಹೇಳಿದ್ದು ಒಂದೂ ಒಳಗಿಳಿಯಲಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಯೇ ಪೂಜೆ ಮುಗಿಸಿದೆ. ಗಂಡನ ಸಿಟ್ಟಿಗೆ ಹೆದರಿದ್ದೆ ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು, ಒಳ್ಳೆಯವಳು ಅನ್ನುವ ನನ್ನ ಹೆಸರು ಹೋಗುತ್ತದೆ ಅನ್ನುವ ಅಂಜಿಕೆ.

ಮೂರನೆಯ ದಿನ ಬೆಳಿಗ್ಗೆ ಯಜಮಾನರು ಅಂಗಡಿಗೆ ಹೋಗುವ ಮುಂದೆ ರೊಟ್ಟಿ ತಿನ್ನುತ್ತಿದ್ದರು. ಪಲ್ಯ ಬಡಿಸಿ ಅಲ್ಲೇ ನಿಂತೆ.

"ನಾನ ಹೇಳೇನ್ರಿ."

"ಏನ ಹೇಳಿ?"

"ವೈನಿ ಮುಂದ. ಪಂಚಮಿಗೆ ಹೋದಾಗ. ಅದು ಹಾಡ್ರಿ, ಮಾತಲ್ಲ. ನಾ ಬಾಗಿಲ ಹೊರಗಿಂದ ಕೇಳಿ ಗಂಡಸು ಅಂತ ತಿಳಕೊಂಡೆ. ಹುಡುಗಿದೇನೂ ತಪ್ಪಿಲ್ಲ. ಎಲ್ಲಾ ನಂದ ತಪ್ಪು."

ಅವರು ತಾಟು ಸರಿಸಿದರು. ಅರ್ಧ ರೊಟ್ಟಿ ಉಳಿದಿತ್ತು. ನಾನು ಬೈಗುಳಕ್ಕೆ ಕಾದೆ.

"ನಿನ್ನ ಹೊಟ್ಟ್ಯಾಗ ಹುಟ್ಟಿದ ಕೂಸು ಅದು," ಅಂದರು. "ಆಕಿನ್ನ ಒಂದು ಮಾತು ಕೇಳೂದಲ್ಲೇನು?" ಏಳುತ್ತ, "ನಾನೂ ಕೇಳಲಿಲ್ಲ" ಎಂದು ಕೈ ತೊಳೆದು ಹೋದರು.

ಆ ಸಂಜೆ ಬೇಗ ಬಂದರು. ಜೇಬಿನಿಂದ ಮೊಬೈಲು ತೆಗೆದು ಭಾಗ್ಯಾಳ ಕೈಗೆ ಕೊಟ್ಟು, "ಅದೇನು ಹಾಡು, ಹಚ್ಚು" ಅಂದರು. ಕೂಡಲಿಲ್ಲ, ಗೊಬ್ಬರದ ಧೂಳಿನ ಅಂಗಿಯಲ್ಲೇ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು ಕೇಳಿದರು. ಅವಳು ಅರ್ಥ ಹೇಳಿದಳು. ನನಗೆ ಹೇಳಿದಷ್ಟು ಬಿಡಿಸಿ ಹೇಳಲಿಲ್ಲ, ಧ್ವನಿ ಗಟ್ಟಿಯಾಗಿತ್ತು, ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

"ಕಡೀಕ ಅಂವ ಹೊಳಿ ದಾಟಿದ್ನೇನು?"

"ಅದರಾಗ ಹೇಳಿಲ್ಲಪ್ಪ. ಅಲ್ಲಿಗೇ ಮುಗಿತೈತಿ."

"ಹೂಂ." ಗೋಡೆಗೆ ಹೊಂದಿಸಿಟ್ಟ ಪುಸ್ತಕದ ಕಟ್ಟುಗಳನ್ನು ನೋಡಿದರು. "ಹಗ್ಗ ಬಿಚ್ಚು. ಫಾರ್ಮಿಗೆ ಇನ್ನೂ ದಿನ ಅದಾವೇನು?"

"ಎಂಟು ದಿನ ಅದಾವ."

"ನಾಳೆ ತುಂಬು."

ಶಿವ ದೊಡ್ಡವನು. ಆದರೆ ಮಗಳು ನನ್ನನ್ನು ಅಷ್ಟು ಸಸಾರವಾಗಿ ಬಿಡಲಿಲ್ಲ. ಅಪ್ಪ ಒಳಗೆ ಹೋದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು: "ನೀ ಯಾರಿಗೆ ಹೇಳೀಯೋ ಅವರಿಗೆ ನೀನ ಹೋಗಿ ಹೇಳು. ಫೋನ್ಯಾಗ ಅಲ್ಲ."

ಮತ್ತೆ ಅದೇ ಬಸ್ಸು, ಅದೇ ಟಂಟಂ. ಜಿಟಿಜಿಟಿ ಮಳೆ. ವೈನಿ ನನ್ನ ಮಾತು ಪೂರ್ತಿ ಕೇಳಿದಳು, ಚಹಾ ಕೊಟ್ಟಳು, ಮೊಣಕಾಲು ತಟ್ಟಿದಳು.

"ತಾಯಿ ಕರುಳು. ಮುಚ್ಚಬೇಕಾಗ್ತೈತಿ. ನನಗ ತಿಳಿತೈತಿ ಬಿಡು ನೀಲಾ."

"ಮುಚ್ಚಾಕತ್ತಿಲ್ಲ ವೈನಿ. ಖರೇನ ಅದು ಹಾಡು."

"ಹೌದೌದು. ಹಾಡಂತ ಹೇಳೂಣು. ನಾನೂ ಹಂಗ ಹೇಳ್ತೇನಿ."

ಸುಳ್ಳು ಹೇಳಿದ ದಿನ ಒಂದೇ ಮಾತಿಗೆ ನಂಬಿದವಳು, ಖರೆ ಹೇಳಿದ ದಿನ ಮೂರು ತಾಸು ಕೂತರೂ ನಂಬಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಎಣಿಸಲಿಲ್ಲ.

ಆಮೇಲಿನ ತಿಂಗಳುಗಳನ್ನು ಏನೆಂದು ಬರೆಯಲಿ. ಅವಳು ಓದಿದಳು. ನಾನು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು: ಹೂಂ, ಊಂಹೂಂ, ಸಾಕು, ಆಮ್ಯಾಲ. ತಾನಾಗಿ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅವ್ವ ಎಲ್ಲಿಗೆ ಹೊರಟಿ, ಅವ್ವ ಮೈಯಾಗ ಆರಾಮ ಇಲ್ಲೇನು, ಅಂಥ ಒಂದೂ ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದಳಲ್ಲ, ಅದನ್ನೇ ಎಣಿಸಿಕೊಂಡೆ. ಹಾಡು ಕೇಳಬೇಕೆನಿಸಿದಾಗ ಜೋರಾಗಿಯೇ ಹಚ್ಚುತ್ತಿದ್ದಳು, ಬಾಗಿಲು ಪೂರ್ತಿ ತೆರೆದು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ನನಗೂ ಅದು ಬಾಯಿಪಾಠವಾಯಿತು, ಅರ್ಥ ತಿಳಿದ ಮೇಲೆ ಆ ನಗಾರಿಯೂ ಹೊಳೆಯ ಮಂಜು ಬಿರಿಯುವ ಸಪ್ಪಳದಂತೆ ಕೇಳಿಸತೊಡಗಿತು.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ಅಪ್ಪನೇ ಕರೆದುಕೊಂಡು ಹೋದರು. ಫಲಿತಾಂಶ ಬಂದ ದಿನ ಅವಳು ಮೊಬೈಲು ಹಿಡಿದು ಅಂಗಳಕ್ಕೆ ಹೋದಳು, ಬಹಳ ಹೊತ್ತು ಬರಲಿಲ್ಲ. ನಾನು ದೇವರ ಕೋಣೆಗೆ ಹೋಗಲೋ ಅಂಗಳಕ್ಕೆ ಹೋಗಲೋ ತಿಳಿಯದೆ ನಡುವಿನ ಹೊಸ್ತಿಲ ಮೇಲೆ ನಿಂತೆ. ಬಂದು ಅಪ್ಪನಿಗೆ ಹೇಳಿದಳು: "ಪಾಸಪ್ಪ. ನಾಕು ಮಾರ್ಕ್ಸ್ ಮ್ಯಾಲ." ಯಜಮಾನರು ಕನ್ನಡಕ ತೆಗೆದು ಒರೆಸಿದರು. ನಾಲ್ಕು. ಕಟ್ಟಿಟ್ಟ ಪುಸ್ತಕ ಮತ್ತೆರಡು ದಿನ ಹಾಗೇ ಇದ್ದಿದ್ದರೆ ಆ ನಾಲ್ಕು ಉಳಿಯುತ್ತಿದ್ದವೋ ಇಲ್ಲವೋ, ಅದನ್ನು ನಾನು ಈಗಲೂ ಲೆಕ್ಕ ಹಾಕಲಾರೆ.

ಇನ್ನೊಂದು ಮಾತೂ ಇದೆ. ನನ್ನ ಸುಳ್ಳು ಮಾತಿಗೆ ಆ ಸಂಬಂಧ ಮುರಿಯಿತು. ಮುರಿಯದಿದ್ದರೆ ದಸರೆಗೆ ನಿಶ್ಚಯ, ಪರೀಕ್ಷೆಗೆ ಮಂಗಳ. ಒಂದು ದಿನ ಪೂಜೆಯಲ್ಲಿ ಇದನ್ನೂ ಶಿವನ ದಯೆ ಎಂದು ಎಣಿಸಲು ಹೋದೆ. ನಾಲಿಗೆ ಏಳಲಿಲ್ಲ.

ವಿಜಯಪುರದ ಆಸ್ಪತ್ರೆಯೊಂದರಲ್ಲಿ ಅವಳು ಒಂದು ವರ್ಷದ ತರಬೇತಿಗೆ ಸೇರಿದ ಮೇಲೆ, ಒಂದು ದಿನ ಗೌರವೈನಿಗೆ ತಲೆಸುತ್ತು ಬಂದು, ಅಣ್ಣ ಹೊಲದ ಕೆಲಸದಲ್ಲಿದ್ದ ಕಾರಣ ನಾನೇ ಅವಳನ್ನು ಅಲ್ಲಿಗೆ ಕರೆದೊಯ್ದೆ. ಬಿಳಿ ಕೋಟು ಹಾಕಿದ ಭಾಗ್ಯಾ ವೈನಿಯ ತೋಳಿಗೆ ಪಟ್ಟಿ ಬಿಗಿದು ನೋಡಿದಳು.

"ಬಿಪಿ ಬಾಳ ಐತ್ರಿ ಅತ್ತಿ. ಮಾತಾಡಬ್ಯಾಡ್ರಿ. ಹತ್ತು ನಿಮಿಷ ಸುಮ್ಮ ಕುಂದರ್ರಿ, ಮತ್ತ ನೋಡ್ತೇನಿ."

ವೈನಿ ಎಷ್ಟು ಹೊತ್ತು ಸುಮ್ಮನೆ ಕೂತಾಳು? ದನಿ ಇಳಿಸಿ ಕೇಳಿದಳು: "ಭಾಗ್ಯಾ, ಅಂವ ಇನ್ನೂ ಮಾತಾಡ್ತಾನೇನ?"

ಭಾಗ್ಯಾ ಮುಖ ಬದಲಿಸಲಿಲ್ಲ.

"ಮಾತಾಡ್ತಾನ್ರಿ ಅತ್ತಿ. ಕೇಳ್ತೀರೇನು?"

ಕೋಟಿನ ಜೇಬಿನಿಂದ ಮೊಬೈಲು ತೆಗೆದು ಅದರ ದಾರದ ತುದಿಯನ್ನು ವೈನಿಯ ಕಿವಿಗೆ ಇಟ್ಟಳು. ವೈನಿ ಮೊದಲು ಗೆದ್ದವಳಂತೆ ನನ್ನ ಕಡೆ ನೋಡಿದಳು. ಆಮೇಲೆ ಹುಬ್ಬು ಕೂಡಿದವು. ಬಾಜಾ ಶುರುವಾಗಿರಬೇಕು, ಒಮ್ಮೆಲೇ ಬೆಚ್ಚಿ ಬೆಂಚು ಹಿಡಿದಳು. ತೆಗೆದು ಒಗೆಯುತ್ತಾಳೆ ಅಂದುಕೊಂಡೆ. ತೆಗೆಯಲಿಲ್ಲ. ಕಣ್ಣು ಮುಚ್ಚಿ ಕೇಳಿದಳು.

"ಯಾರ ಸತ್ತಾರ?" ಎಂದಳು ಕಡೆಗೆ.

"ಅವನ ಹೆಣ್ತಿ ವೈನಿ," ಅಂದೆ ನಾನು.

"ಹೆಣ್ತಿ ಅಲ್ರಿ, ಲಗ್ನ ಆಗಿರಲಿಲ್ಲ," ಎಂದಳು ಭಾಗ್ಯಾ.

"ಪಾಪ," ಎಂದಳು ವೈನಿ. ಕಿವಿಯ ದಾರ ತೆಗೆದು ಪಕ್ಕದ ಬೆಂಚಿನ ಹೆಂಗಸಿನ ಕಡೆ ತಿರುಗಿ, ಅವಳು ಏನೂ ವಿಚಾರಿಸದಿದ್ದರೂ, ಇಡೀ ವಾರ್ಡಿಗೆ ಕೇಳಿಸುವಂತೆ ಹೇಳಿದಳು: "ಈ ಡಾಕ್ಟರಬಾಯಿ ನಮ್ಮ ನಾದಿನಿ ಮಗಳು. ಲಗ್ನ ಗಿಗ್ನ ಏನೂ ಆಗಿಲ್ಲ. ಬರೇ ಹಾಡು ಕೇಳ್ತಾಳ. ಯಾರರ ಏನರ ಅಂದ್ರ ನಂಬಬ್ಯಾಡ್ರಿ ಮತ್ತ."

ಆ ಹೆಂಗಸು ಏನೂ ತಿಳಿಯದೆ ತಲೆಯಾಡಿಸಿದಳು. ಭಾಗ್ಯಾ ತುಟಿ ಕಚ್ಚಿ ನಗು ತಡೆದು, ಮತ್ತೊಮ್ಮೆ ಬಿಪಿ ನೋಡಿ ಪಟ್ಟಿ ಬಿಚ್ಚಿ, ಮುಂದಿನ ಪೇಷಂಟಿನ ಕಡೆ ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿ, ಎಷ್ಟೋ ತಿಂಗಳ ಮೇಲೆ ತಾನಾಗಿ ಕೇಳಿದಳು.

"ಅವ್ವಾ, ಉಂಡಿಯೇನು?"

"ಉಂಡಿಲ್ಲವ್ವ," ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ವೈನಿಯ ಜೊತೆ ಕೂತು, ಕಟ್ಟಿಕೊಂಡು ಹೋದ ಎರಡು ರೊಟ್ಟಿ ಉಂಡೇ ಬಂದಿದ್ದೆ.